ಎಂಟೂ ಕೋರುಗಳಿಗೆ ಉದ್ಯೋಗ

ಯಾರೋ ಸಿದ್ಧಪಡಿಸಿಟ್ಟ ತಂತ್ರಾಂಶವನ್ನು ಹಾಗೆಯೇ ಬಳಸುವುದು ಸ್ವಾಭಿಮಾನಿ ನಾಗರಿಕನಿಗೆ ಶೋಭಿಸುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಅದರ ಸೋರ್ಸ್ ಕೋಡ್ ಎಂಬ ಮೂಲ ಬರಹವನ್ನು ತಂದು, ನಮ್ಮ ಮನೆಯ ಕಂಪ್ಯೂಟರಿನಲ್ಲೇ ಕಟ್ಟಿಕೊಳ್ಳಬೇಕು. ಇದಕ್ಕೆ ಕಂಪೈಲ್ ಎನ್ನುತ್ತಾರೆ. ನವನಗರದ ಪ್ರತಿ ಮನೆಯೂ ಹೀಗೆ ಸ್ವಾವಲಂಬಿಯಾಗಬೇಕೆಂದು ಬಡಾವಣೆಯ ಸಂಘದಲ್ಲಿ ನಾನು ಮಂಡಿಸಿದ ಠರಾವನ್ನು ಯಾರೂ ವಿರೋಧಿಸಲಿಲ್ಲ. ಯಾರೂ ಬಂದಿರಲಿಲ್ಲ!

ಆ ಭಾನುವಾರ ಮಧ್ಯಾಹ್ನ ಬ್ರೌಸರೊಂದನ್ನು ಕಟ್ಟಲು ಕುಳಿತೆ. ಸಂಜೆ ಐದಕ್ಕೆ ಅದೇ ಕಂಪ್ಯೂಟರು ನನ್ನ ಹೆಂಡತಿ ವಸುಧಾಳಿಗೆ ಬೇಕಿತ್ತು. ವರ್ಷಗಟ್ಟಲೆ ದೇವರ ಮನೆಗೂ ಅಡುಗೆ ಮನೆಗೂ ಮಾತ್ರ ಕೇಳಿಸಿದ ಅವಳ ಗಾಯನವನ್ನು ಬೆಳಗಾವಿಯ ಸಂಗೀತ ಸಭೆಯೊಂದರ ಹಿರಿಯರು ಅಂದು ವೀಡಿಯೊ ಕರೆಯಲ್ಲಿ ಕೇಳುವವರಿದ್ದರು. ಅವರು ಒಪ್ಪಿದರೆ, ಅವಳಿಗೆ ಬದುಕಿನ ಮೊದಲ ವೇದಿಕೆ.

“ಐದಕ್ಕ ಖಾಲಿ ಮಾಡಿ ಕೊಡ್ತೀರಿಲ್ಲೋ?” ಎಂದಳು.

“ನಾಲ್ಕಕ್ಕs ಮುಗೀತದ. ಎಂಟು ಕೋರ್ ಅವ!”

ಕೋರುಗಳೆಂದರೆ ಪ್ರೊಸೆಸರಿನೊಳಗಿನ ಕೆಲಸಗಾರರು. ಏಕಕಾಲಕ್ಕೆ ಎಷ್ಟು ಕೆಲಸ ನಡೆಯಬೇಕೆಂದು ಆಜ್ಞೆಯ ಕೊನೆಗೆ ಒಂದು ಅಂಕಿ ಬರೆದು ಮಿತಿ ಹಾಕಬೇಕು. ಮಿತಿ! ‘ದುಡಿಯುವ ಹಕ್ಕಿಗೆ ಮಿತಿ ಸಲ್ಲದು’ ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಢಾಲು ಗೆದ್ದವನು ನಾನು. ಅಂಕಿ ಬರೆಯದೆಯೇ ಎಂಟರ್ ಒತ್ತಿದೆ.

ನೂರಾರು ಕೆಲಸಗಳು ಒಮ್ಮೆಲೇ ಎದ್ದವು. ಪರದೆ ಸ್ತಬ್ಧವಾಯಿತು. ಮೌಸಿನ ಬಾಣ ಸತ್ಯಾಗ್ರಹಕ್ಕೆ ಕುಳಿತಿತು. ಪೆಟ್ಟಿಗೆಯ ಫ್ಯಾನು ಚೀರತೊಡಗಿತು. ತಾರಿಹಾಳದಲ್ಲಿ ಪಂಪು ರಿಪೇರಿ ಮಾಡುವ ಎದುರು ಮನೆಯ ಇಮಾಮಸಾಬ್ ಕಾಕಾ ನಟ್ಟು ಬಿಚ್ಚುವ ಪಾನಾ ಹಿಡಿದು ಓಡಿಬಂದರು.

“ಸರ್, ನಿಮ್ಮ ಬೋರಿನ ಮೋಟಾರು ನೀರಿಲ್ದ ಓಡಾಕತ್ತೈತಿ! ಲಗೂ ಬಂದ್ ಮಾಡ್ರಿ!”

“ಕಾಕಾ, ಇದು ಸ್ವಾವಲಂಬನೆಯ ಸದ್ದು.”

“ಏನರ ಇರ್ಲಿ. ಸುಡ್ತೈತಿ.”

ಬಟನ್ ಅದುಮಿ ಆರಿಸಿ, ಮರಳಿ ಆರಂಭಿಸಿದೆ. ಸಿದ್ಧಾಂತದಲ್ಲಿ ತುಸು ರಾಜಿಯಾಗಿ ಈ ಸಲ ‘ಎಂಟು’ ಎಂದು ಬರೆದೆ. ಪರದೆ ಚಲಿಸಿತು, ಚೀರಾಟ ನಿಲ್ಲಲಿಲ್ಲ. ವಸುಧಾ ತಂಬೂರಿಯೊಡನೆ ಹೊರಬಂದಳು.

“ಕೇಳ್ರಿಲ್ಲೆ, ನಿಮ್ಮ ಫ್ಯಾನಿನ ಶ್ರುತಿ ಕಾಳಿ ಐದರಾಗ ಅದ, ನಾ ಕಾಳಿ ಮೂರರಾಗ ಹಾಡಾಕಿ. ಒಂದೋ ಅದನ್ನ ಶ್ರುತಿ ಮಾಡ್ರಿ, ಇಲ್ಲಾ ಅದರ ಬಾಯಿ ಮುಚ್ಚಸ್ರಿ.”

ಎಲ್ಲವನ್ನೂ ನಿಲ್ಲಿಸಿಬಿಡಬಹುದಿತ್ತು. ಆದರೆ ಸುಧಾರಣೆಯನ್ನು ಅರ್ಧಕ್ಕೆ ಕೈಬಿಡುವುದು ಹೇಡಿತನವಲ್ಲವೇ? ನಡೆಯುತ್ತಿರುವ ಕೆಲಸಕ್ಕೂ, ಪ್ರೊಸೆಸರಿನಲ್ಲಿ ನಿನಗೆ ಶೇಕಡಾ ಇಷ್ಟೇ ಎಂದು ಕಡಿವಾಣ ಹಾಕುವ ಪುಟ್ಟ ತಂತ್ರಾಂಶವೊಂದಿದೆ. ಕಂಪೈಲನ್ನು ನಡೆಸುವ ಮುಖ್ಯ ಕೆಲಸಕ್ಕೇ ಅದನ್ನು ಬಿಗಿದೆ. ಏನೂ ಬದಲಾಗಲಿಲ್ಲ. ಅದು ಕೆಲಸ ಹಂಚುವ ಬರೀ ಮೇಸ್ತ್ರಿ! ನಾನು ಮೇಸ್ತ್ರಿಯನ್ನು ಕುರ್ಚಿಗೆ ಕಟ್ಟಿದ್ದೆ. ಆಳುಗಳು ಎಂದಿನ ಹುರುಪಿನಲ್ಲೇ ದುಡಿಯುತ್ತಿದ್ದರು.

ಅಷ್ಟರಲ್ಲಿ ಐದಾಯಿತು. ಹಿರಿಯರು ಪರದೆಯಲ್ಲಿ ಮೂಡಿದರು. ವಸುಧಾ ಕಣ್ಣು ಮುಚ್ಚಿ ಆಲಾಪ ಎತ್ತಿಕೊಂಡಳು. ನಾನು ಕೀಲಿಮಣೆಯನ್ನು ಮಡಿಲಲ್ಲಿಟ್ಟುಕೊಂಡು, ಪ್ರೊಸೆಸರನ್ನು ಅತಿ ಹೆಚ್ಚು ನುಂಗುತ್ತಿದ್ದ ಕೆಲಸವನ್ನು ಹುಡುಕಿ, ಇವನೇ ಶೋಷಕನೆಂದು ತೀರ್ಮಾನಿಸಿ, ಅದೇ ಕಡಿವಾಣ ಬಿಗಿದು ಶೇಕಡಾ ಐದಕ್ಕೆ ಇಳಿಸಿದೆ.

ಅದು ವೀಡಿಯೊ ಕರೆ!

ಹಿರಿಯರೊಬ್ಬರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬಹಳ ಹೊತ್ತಿನ ಮೇಲೆ ಅದರಿಂದ ಮಾತು ತುಂಡುತುಂಡಾಗಿ ಉದುರಿತು: “ತಂಗೀ… ಇಷ್ಟು… ನಿಧಾನದ… ವಿಲಂಬಿತ… ನಾವೆಲ್ಲೂ… ಕೇಳಿಲ್ಲವ್ವಾ…” ಆಮೇಲೆ ಪರದೆ ಕಪ್ಪಾಯಿತು.

ವಸುಧಾ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ತಂಬೂರಿಯನ್ನು ಮೆಲ್ಲಗೆ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೀಲಿಮಣೆಯನ್ನು ಮಡಿಲಿನಿಂದ ಕೆಳಗಿಳಿಸಿದೆ.

ಕಾಕಾ ಇನ್ನೂ ಬಾಗಿಲಲ್ಲೇ ಇದ್ದರು. “ಅಕ್ಕಾರ, ಯಾಕ ತ್ರಾಸ ಮಾಡ್ಕೋತೀರಿ? ನಮ್ಮನಿಗೆ ನಡೀರಿ. ಸೊಸಿ ಮೊಬೈಲ್‌ನ್ಯಾಗ ಅವರಿಗೆ ಮತ್ತ ಫೋನ್ ಹಚ್ಚೋಣು. ಸರ್ ಇಲ್ಲೇ ಸ್ವಾವಲಂಬನ ಮಾಡ್ಲಿ.” ಪಾನಾ ಕಿಸೆಗೆ ಸೇರಿತು, ತಂಬೂರಿ ಅವರ ಹೆಗಲೇರಿತು.

ಎದುರು ಮನೆಯಲ್ಲಿ ಟೀವಿ ನಿಂತಿತು. ಮಿಕ್ಸರ್ ನಿಂತಿತು. ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಸೊಸೆ ಶಮಾ ಅದನ್ನು ಇಳಿಸಿ, ಮೊಬೈಲನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ತಮ್ಮ ತಮ್ಮ ಕೆಲಸ ಬಿಟ್ಟು ಇಡೀ ಮನೆ ಒಬ್ಬಳ ಹಾಡಿಗಾಗಿ ಸುಮ್ಮನಾಯಿತು. ಮಿತಿಯ ವಿರುದ್ಧ ಢಾಲು ಗೆದ್ದ ನಾನು ಹೊಸ್ತಿಲಾಚೆ ಚಪ್ಪಲಿಗಳ ನಡುವೆ ನಿಂತು, ಮಿತಿಯ ಪರವಾದ ವಾದವನ್ನು ಮೊದಲ ಸಲ ಪೂರ್ತಿ ಆಲಿಸಿದೆ. ಬಹಳ ಚೆನ್ನಾಗಿತ್ತು.

ಹಿರಿಯರು ಒಪ್ಪಿದರು. ಬ್ರೌಸರು? ಡಿಸ್ಕಿನಲ್ಲಿ ಜಾಗವಿಲ್ಲವೆಂದು ಕೊನೆಯ ಹಂತದಲ್ಲಿ ತಾನೇ ರಾಜೀನಾಮೆ ಕೊಟ್ಟಿತು.

ಬೆಳಗಾವಿಗೆ ಎಲ್ಲರೂ ಕಾಕಾರ ಗಾಡಿಯಲ್ಲೇ ಹೋದೆವು. ಸಭಾಂಗಣದ ಮುಂದೆ ಇಳಿಯುತ್ತಲೇ ವಸುಧಾ ಹೇಳಿದಳು: “ನಿಮಗ ಒಂದs ಕೆಲಸ. ತಂಬೂರಿ ತಗೊಂಡು ಬರ್ರಿ. ಒಂದs!”

ಒಂದನ್ನಾದರೂ ವಹಿಸಿದಳಲ್ಲ ಎಂದು ನನ್ನ ಎದೆ ತುಂಬಿ ಬಂತು. ಅವಳಿಗೂ, ಕಾಕಾರಿಗೂ, ಶಮಾಳ ಕುಕ್ಕರಿಗೂ ಸಲ್ಲಬೇಕಾದ ವಂದನಾರ್ಪಣೆಯನ್ನು ಮನಸ್ಸಿನಲ್ಲೇ ವಾಕ್ಯವಾಕ್ಯವಾಗಿ ಜೋಡಿಸುತ್ತ, ಗಾಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹೆಗಲಿಗೇರಿಸಿಕೊಂಡು, ಗಂಭೀರವಾಗಿ ಮೆಟ್ಟಿಲೇರಿ ವೇದಿಕೆಯ ತನಕ ನಡೆದೆ.

ಹಿಂದಿನಿಂದ ಕಾಕಾ ಕೂಗಿದರು.

“ಸರ್! ಅದು ಬರೇ ಗವಸು! ತಂಬೂರಿ ಇಲ್ಲೇ ಗಾಡ್ಯಾಗ ಐತಿ!”