ಫ್ರಿಜ್ಜಿನಲ್ಲಿ ಹೊಳೆ

ನನ್ನ ಮಾವನವರಿಗೆ ಸೊಸೆಗಿಂತ ತುಂಗಭದ್ರೆಯ ಮೇಲೆಯೇ ಜೀವ ಎಂದರೆ ನೀವು ನಂಬುವುದಿಲ್ಲ. ನನಗೆ ನೆಗಡಿಯಾದರೆ "ಕಷಾಯ ಕುಡಿ" ಎಂದು ಪೇಪರ್ ತಿರುವಿ ಹಾಕುತ್ತಾರೆ. ಹೊಳೆಯಲ್ಲಿ ನೊರೆ ಕಂಡ ದಿನ ಊಟ ಬಿಡುತ್ತಾರೆ!

ರಾಣೆಬೆನ್ನೂರಿನ ನಮ್ಮ ಮನೆಯಿಂದ ಪ್ರತಿ ಸೋಮವಾರ ಬಸ್ಸು ಹತ್ತಿ, ಹೊಳೆದಂಡೆಯಲ್ಲಿರುವ ನನ್ನ ದಿವಂಗತ ಅತ್ತೆಯ ತವರೂರಿಗೆ ಹೋಗುತ್ತಾರೆ. ಅಲ್ಲಿ ಎಲ್ಲೆಲ್ಲಿಯದೋ ಗಟಾರದ ನೀರು ಹೊತ್ತ ಹಳ್ಳವೊಂದು ಸೀದಾ ಹೊಳೆ ಸೇರುತ್ತದೆ. ಸೇರುವ ಜಾಗದಲ್ಲಿ ಒಂದು ಬಾಟ್ಲಿ ನೀರು ತುಂಬಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸ್. ಬಾಟ್ಲಿಗೊಂದು ಚೀಟಿ, ಚೀಟಿಯ ಮೇಲೆ ತಾರೀಖು. ಆಮೇಲೆ ಅದರ ವಾಸ ಎಲ್ಲಿ ಅಂತೀರಿ? ನನ್ನ ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಪಕ್ಕ.

"ಮಾವಾರ, ಅದರ ಬಾಜೂಕ ತಿನ್ನೂದು ಐತ್ರಿ."

"ಮುಚ್ಚಳ ಬಿಗಿ ಐತವಾ. ನಿನ್ನ ಕೊತ್ತಂಬ್ರಿ ವಾಸನಿನ ನೀರಿಗೆ ಹತ್ತತೈತಿ. ಅದನ್ನ ಆ ಕಡಿ ಸರಸು."

ಕೊತ್ತಂಬರಿಯೇ ಸರಿಯಿತು.

ಇದೆಲ್ಲ ಅವರ ಹಳೆಯ ಕಸುಬಿನ ಚಾಳಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಅಂಗಡಿ ನಡೆಸಿದವರು. ಒಂದು ಹಿಡಿ ಕಾಯಿ ಎತ್ತಿ, ಬೆಳಕಿಗೆ ಹಿಡಿದು, ಮುರಿದು ಮೂಸಿ, ಎಷ್ಟು ದಿನ ಒಣಗಿದೆ, ಯಾರು ನೀರು ಚಿಮುಕಿಸಿ ತಂದಿದ್ದಾರೆ ಎಂದು ಹೇಳಿಬಿಡುತ್ತಿದ್ದರಂತೆ. ಈಗ ಹೊಳೆಯೂ ಅವರಿಗೆ ಮಾಲು. ಬಾಟ್ಲಿಯನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. "ಹ್ವಾದ ವಾರದ್ದು ಇದಕ್ಕಿಂತ ಒಂದು ನಂಬರ್ ಮ್ಯಾಲಿತ್ತು." ಒಮ್ಮೆ ಮನೆಗೆ ಬಂದ ಬೀಗಿತ್ತಿಯ ಮೂಗಿಗೇ ಹಿಡಿದು, "ನೀವ ಹೇಳ್ರಿ, ಇದು ನೀರೇನ್ರಿ?" ಎಂದು ಕೇಳಿದರು. ಆ ತಾಯಿ ನಾನು ಬಡಿಸಿದ ಉಪ್ಪಿಟ್ಟು ಮುಟ್ಟಲಿಲ್ಲ.

ಇನ್ನು ಸರ್ಕಾರಿ ಕಚೇರಿಗಳಿಗೆ ಅರ್ಜಿಗಳು. "ನೀ ಕಾನ್ವೆಂಟಿನಾಕಿ, ಇಂಗ್ಲಿಷಿನ್ಯಾಗ ಬರಿ. ಕನ್ನಡದಾಗ ಬರದ್ರ ನಮ್ಮವರ ಅದಾರ ಅಂತ ಸುಮ್ಮನ ಕುಂದರ್ತಾರ." ನನಗೆ ಸಿಸ್ಟರುಗಳು ಕಲಿಸಿದ್ದು ವಿನಯದ ಪತ್ರ. 'ತಾವು ದಯಮಾಡಿ ಬಂದು ನೋಡಬೇಕಾಗಿ ವಿನಂತಿ' ಎಂಬರ್ಥದಲ್ಲಿ ಬರೆದು, ಕನ್ನಡದಲ್ಲಿ ತಿಳಿಸಿ ಹೇಳಿದರೆ ಮಾವನವರು ಹುಬ್ಬು ಗಂಟಿಕ್ಕಿದರು.

"ಇದೇನ ಮದವಿ ಕಾರ್ಡನವಾ? ಬೈದದ್ದು ಎಲ್ಲೈತಿ?"

ಹನ್ನೊಂದು ವಿನಯದ ಪತ್ರಗಳಾದ ಮೇಲೆ ಹಾವೇರಿಯ ಕಚೇರಿಯೊಂದರಿಂದ ಕರೆ ಬಂತು. ನೀರು ತಂದು ತೋರಿಸಿ, ನೋಡಿ ಆಮೇಲೆ ಸ್ಥಳಕ್ಕೆ ಬರುತ್ತೇವೆ ಎಂದು. ಮಾವನವರು ಧೋತರ ಇಸ್ತ್ರಿ ಮಾಡಿಸಿದರು. ಇದ್ದುದರಲ್ಲಿ ಅತಿ ಹೊಲಸು ಬಾಟ್ಲಿಯನ್ನು ಆರಿಸಿ, ಕನ್ಯೆ ತೋರಿಸುವವರ ಹಾಗೆ, ನನಗೆ ಹೇಳದೆ, ಫ್ರಿಜ್ಜಿನ ಬಾಗಿಲಲ್ಲಿ ಮುಂದೆ ಇಟ್ಟರು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಸಂಜೆ ನಾನು ಫ್ರಿಜ್ ಒರೆಸಿದೆ. ಬಾಗಿಲಲ್ಲಿದ್ದ ಬಾಟ್ಲಿಯ ಚೀಟಿ ನೆನೆದು ಕಳಚಿತ್ತು, ತಳದಲ್ಲಿ ಕಪ್ಪು ಕೂತಿತ್ತು. ಹಳೆಯದಿರಬೇಕೆಂದು ಚೆಲ್ಲಿ, ಸೋಪು ಹಾಕಿ ತಿಕ್ಕಿ, ಫಿಲ್ಟರ್ ನೀರು ತುಂಬಿ ಅಲ್ಲಿಯೇ ಇಟ್ಟೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಮಾವನವರು ಕನ್ನಡಕ ಹಾಕಿಕೊಳ್ಳದೆ ಅದನ್ನೇ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಇಳಿಸಿದರು. ಆಮೇಲೆ ಕುಡಿಯಲು ತಣ್ಣೀರು ಹುಡುಕಿದರೆ ನಾನು ತುಂಬಿಟ್ಟ ಬಾಟ್ಲಿಯೇ ಇಲ್ಲ. ಫೋನ್ ಮಾಡಿದೆ. ಅವರ ಫೋನು ದೇವರ ಕೋಣೆಯಲ್ಲೇ ರಿಂಗಾಯಿತು.

ಸಂಜೆ ಬಂದವರು ಚೀಲ ಇಳಿಸಿ ಕುಳಿತರು.

"ಸಾಹೇಬ್ರು ಬೆಳಕಿಗೆ ಹಿಡದು ನೋಡಿದ್ರು. 'ಯಜಮಾನ್ರ, ನಮ್ಮನಿ ನಳದ ನೀರಿಗಿಂತ ಇದ ಛಲೋ ಐತಲ್ರಿ' ಅಂದ್ರು. ಎಲ್ಲಾರೂ ನಕ್ರು. ಬರಾಂಗಿಲ್ಲಂತ."

"ಮಾವಾರ, ಅದು ನಾ ತೊಳದು ತುಂಬಿಟ್ಟದ್ರಿ. ತಪ್ಪಾತು."

"ಗೊತ್ತಾತವಾ. ಮುಚ್ಚಳ ತಗದ್ರ ಸೋಪಿನ ವಾಸನಿ ಬಂತು."

"ಮತ್ತ ಬಾಟ್ಲಿ ತಪ್ಪೈತಿ ಅಂತ ಹೇಳಬೇಕಿಲ್ರಿ?"

ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಬಾಯಿ ಬರಲಿಲ್ಲ. ಅವ್ರು ಬೆಳಕಿಗೆ ಹಿಡದಾಗ ನಾನೂ ನೋಡಿದ್ನಿ. ನೀ ಲಗ್ನ ಆಗಿ ಬಂದ ವರ್ಷ ಹೊಳಿ ಹಂಗ ಇತ್ತು. ನಿಮ್ಮತ್ತಿ ಬೊಗಸಿಲೆ ನಿನಗ ಕುಡಿಸಿದ್ಲು. ನೆನಪೈತೇನು?"

ನೆನಪಿತ್ತು. ಗಂಗೆ ಪೂಜೆಗೆ ಕರೆದೊಯ್ದಿದ್ದರು. ಕುದಿಸದ ನೀರಿಗೆ ಹೆದರಿ ಬಾಯಿ ಬಿಗಿಹಿಡಿದ ಹುಬ್ಬಳ್ಳಿಯ ಹುಡುಗಿ ನಾನು. ಅತ್ತೆಯ ಬೊಗಸೆಯ ನೀರಿನೊಳಗೆ ಅವರ ಅಂಗೈಯ ಗೆರೆಗಳು ಒಂದೊಂದೂ ಕಾಣುತ್ತಿದ್ದವು.

ಫಿಲ್ಟರ್ ನೀರಿನ ಆ ಬಾಟ್ಲಿಗೆ ಈಗ ಹೊಸ ಚೀಟಿ ಅಂಟಿದೆ. ಪೇಟೆಯಲ್ಲಿ ಬಂದ ಮಾಲನ್ನು ಹೋಲಿಸಿ ನೋಡಲು ಇಡುತ್ತಿದ್ದ ಒಳ್ಳೆಯ ಕಾಯಿಯ ಪೊಟ್ಟಣದ ಮೇಲೆ ಬರೆಯುತ್ತಿದ್ದ ಹಾಗೆಯೇ: 'ಮಾದರಿ'. ಮುಂದಿನ ಸಲ ಇದನ್ನೂ ಹೊಳೆಯ ಬಾಟ್ಲಿಯನ್ನೂ ಒಟ್ಟಿಗೆ ಸಾಹೇಬರ ಮೇಜಿನ ಮೇಲಿಡಬೇಕಂತೆ. ಹನ್ನೆರಡನೆಯ ಅರ್ಜಿಯನ್ನು ನಾನು ಯಾರೂ ಹೇಳದೆ ಬರೆದೆ, ಕನ್ನಡದಲ್ಲಿ. ಓದಿದ ಮಾವನವರು, "ಇಷ್ಟು ಬೈಬಾರದವಾ" ಎಂದರು.

ನಾಳೆ ಸೋಮವಾರ. ಒಂದು ಬಾಟ್ಲಿ ತೊಳೆದಿಟ್ಟಿದ್ದೇನೆ, ಸೋಪು ಹಾಕದೆ. ಬಸ್ಸಿಗೆ ಈ ಸಲ ಇಬ್ಬರು.