ಖಾನಾಪುರದ ದಾರಿಗೆ ಎಡಗಡೆಯ ನೆರಳು

ಬಿಸಿಲಿನ ವಿಷಯದಲ್ಲಿ ನನಗೆ ಪಾಠ ಹೇಳಲು ಯಾರೂ ಬರಬಾರದು. ಬೆಳಗಾವಿಯಲ್ಲಿ ಜೀವಮಾನವೆಲ್ಲ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ನನ್ನ ಕನ್ನಡಕ ಎಲ್ಲಿದೆ ಎಂದು ನನಗೆ ಗೊತ್ತಿಲ್ಲದಿರಬಹುದು, ಸೂರ್ಯ ಎಲ್ಲಿದ್ದಾನೆ ಎಂಬುದು ಸದಾ ಗೊತ್ತು!

ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ಖಾನಾಪುರದಿಂದ ದಸ್ತಗೀರ ಫೋನು ಮಾಡಿದಾಗ ಬಿಸಿಲಿಗೆ ಅಳುಕಲಿಲ್ಲ. ದಸ್ತಗೀರ ನನ್ನ ಬಾಲ್ಯದ ಗೆಳೆಯ. ಕಾಲೇಜಿನ ದಿನಗಳಲ್ಲಿ ಪ್ರತಿ ಬೇಸಿಗೆ ರಜೆಗೂ ನಾವಿಬ್ಬರೂ ಬೆಳಗಾವಿ ಕೋಟೆಯ ಬಾಗಿಲಿನಿಂದ ಖಾನಾಪುರದ ಅವನ ಮನೆಯವರೆಗೆ ಸೈಕಲ್ ತುಳಿಯುತ್ತಿದ್ದೆವು. ಈಗ ಅವನಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು.

“ನೋಡಾಕ ಬರ್ತಿಯೇನಲೇ?” ಎಂದ.

“ನಾಳೇನ ಬಸ್ ಹಿಡೀತೀನಿ.”

“ಬಸ್ಸಿನ್ಯಾಗ ಬಂದ್ರ ಬಾಗಲಾ ತಗಿಯಾಂಗಿಲ್ಲ ಮಗನ. ಸೈಕಲ್ ತಗೊಂಡ ಬಾ. ನೀ ಗಂಟಿ ಹೊಡಕೋತ ನಮ್ಮ ಓಣ್ಯಾಗ ಬರೂದು ಇನ್ನೊಮ್ಮಿ ಕೇಳಬೇಕು.”

ಸಾಯುವವನ ಮಾತು, ತೆಗೆದುಹಾಕುವುದು ಹೇಗೆ? ಹೂಂ ಎಂದೆ. ಫೋನು ಇಟ್ಟು ಬಹಳ ಹೊತ್ತು ಅತ್ತೆ.

“ಅಳೂದು ಆಮ್ಯಾಲ ಇಟ್ಕೋರಿ,” ಎಂದಳು ನನ್ನ ಹೆಂಡತಿ ಗಿರಿಜಾ. “ಈ ವಯಸ್ಸಿನ್ಯಾಗ, ಈ ಬಿಸಲಾಗ ಸೈಕಲ್ ಹೊಡದ್ರ ಅವರಕಿಂತ ಮೊದಲ ನೀವ ಹೋಗ್ತೀರಿ.”

“ಶಾಸ್ತ್ರೀಯವಾಗಿ ಹೋಗ್ತೀನಿ,” ಎಂದೆ.

ಶಾಸ್ತ್ರ ಸರಳವಾಗಿತ್ತು. ಖಾನಾಪುರ ಬೆಳಗಾವಿಗೆ ದಕ್ಷಿಣ. ಬೆಳಗಿನ ಸೂರ್ಯ ಪೂರ್ವದಲ್ಲಿ. ಅಂದರೆ ದಕ್ಷಿಣಕ್ಕೆ ಹೊರಟ ಸವಾರನಿಗೆ ಬಿಸಿಲು ಬೀಳುವುದು ಎಡಗಡೆ ಮಾತ್ರ. ಬಲಗಡೆಗೆ ನೆರಳು ಮಾಡುವುದು ಶುದ್ಧ ದುಂದುವೆಚ್ಚ! ಸೈಕಲ್ಲಿನ ಹಿಂದೊಂದು ಮುಂದೊಂದು ಬಿದಿರುಕೋಲು ಕಟ್ಟಿ, ಎಡಗಡೆಗೆ ಬಿಳಿ ಚಾದರವನ್ನು ಗಿರಿಜಾಳ ಕೈಯಿಂದ ಗೋಡೆಯಂತೆ ಬಿಗಿಸಿದೆ. ಅಂಗಿಯ ಎಡತೋಳು ಉದ್ದ, ಬಲತೋಳು ಗಾಳಿಗಾಗಿ ಮಡಚಿದ್ದು. ಬಿಸಿಲಿನ ಮುಲಾಮನ್ನೂ ಎಡಗೆನ್ನೆಗಷ್ಟೇ ಹಚ್ಚಿಕೊಂಡೆ.

“ರೀ, ಸೂರ್ಯಾ ಈ ಬಾಜು ಬಂದ್ರ?” ಗಿರಿಜಾ ಬಲಗಡೆ ತೋರಿಸಿದಳು.

“ಅವ ಈ ಬಾಜು ಬರೂದ್ರಾಗ ನಾ ದಸ್ತಗೀರನ ಮನ್ಯಾಗ ಚಾ ಕುಡೀತಿರ್ತೀನಿ.”

ನಸುಕಿನಲ್ಲಿಯೇ ಹೊರಟೆ. ತಂಪು ಗಾಳಿ, ಖಾಲಿ ರಸ್ತೆ. ಸೂರ್ಯ ಹುಟ್ಟಿದ. ಎಡಗಡೆಯೇ ಹುಟ್ಟಿದ! ಚಾದರದ ನೆರಳು ನನ್ನ ಮೇಲೆ ಅಚ್ಚುಕಟ್ಟಾಗಿ ಬಿತ್ತು. ನನ್ನ ಬುದ್ಧಿಗೆ ನಾನೇ ತಲೆದೂಗುತ್ತ ಪೀರನವಾಡಿಗೆ ಬಂದರೆ, ನಡುರಸ್ತೆಯಲ್ಲಿ ನಾದಿನಿ ಕಮಲಾ ನಿಂತಿದ್ದಾಳೆ. ಗಿರಿಜಾ ರಾತ್ರಿಯೇ ತಂಗಿಗೆ ಫೋನು ಮಾಡಿಬಿಟ್ಟಿದ್ದಳು.

“ಮಾಮಾ, ಇಳೀರಿ. ಒಂದ ಕಪ್ ಚಾ.”

ನಮ್ಮ ಕಡೆ ಒಂದು ಕಪ್ ಚಹಾ ಎಂದರೆ ಒಂದು ಕಪ್ ಚಹಾ ಅಲ್ಲ. ಅದರ ಹಿಂದೆ ಅವಲಕ್ಕಿ ಬಂತು. ಬಾಜೂ ಮನೆಯವರು ಬಂದು, ತಮ್ಮಲ್ಲಿಯೂ ಚಹಾ ಆಗಲೇಬೇಕೆಂದು ಕೈಹಿಡಿದು ಎಳೆದೊಯ್ದರು. ತಿರುಗಿ ಬಂದು ಸೈಕಲ್ ಮುಟ್ಟುವಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ.

“ಹೊತ್ತಾತವಾ, ಬಿಸಲ ಏರತೈತಿ,” ಎಂದೆ.

“ಬ್ಯಾನಿ ಮನಿಗೆ ಹೊಂಟೀರಿ. ಅಲ್ಲಿ ಹೋಗಿ ಉಣ್ಣಾಕ ಕುಂದ್ರೂದು ಚಂದ ಏನ್ರಿ? ಇಲ್ಲೇ ಉಂಡ ಹೋಗ್ರಿ.”

ಇದಕ್ಕೆ ಯಾವ ಭೂಗೋಳದಲ್ಲಿ ಉತ್ತರವಿದೆ? ಉಂಡೆ. ಎಣ್ಣೆಗಾಯಿ, ಝುಣಕ, ಮೇಲೆ ಮಜ್ಜಿಗೆ. ಒಂದೇ ಒಂದು ನಿಮಿಷ ಬೆನ್ನು ನೆಲಕ್ಕೆ ಹಚ್ಚೋಣವೆಂದು ಕಟ್ಟೆಯ ಮೇಲೆ ಒರಗಿದೆ. ಕಣ್ಣು ತೆರೆದಾಗ ಸೂರ್ಯ ಬಲಗಡೆಗಿದ್ದ.

ಚಾದರ ಬಿಚ್ಚಿ ಬಲಕ್ಕೆ ಕಟ್ಟಬಹುದಿತ್ತು. ಆದರೆ ಗಂಟುಗಳು ಗಿರಿಜಾ ಹಾಕಿದ್ದು, ಅವನ್ನು ಬಿಚ್ಚುವುದು ನನ್ನಿಂದಾಗಲಿಲ್ಲ. ದಸ್ತಗೀರ ಕಾಯುತ್ತಿದ್ದಾನೆ, ಇನ್ನೂ ಕಾಯಿಸಿದರೆ ಇರುತ್ತಾನೋ ಇಲ್ಲವೋ ಎಂದು ಹೆದರಿ ಹಾಗೆಯೇ ಹೊರಟೆ. ಬೆತ್ತಲೆ ಬಲಗೈ ಚುರುಗುಟ್ಟಿತು, ಬಲಗೆನ್ನೆ ಕಾದ ಹಂಚಾಯಿತು. ಸಾಲದ್ದಕ್ಕೆ ಪಶ್ಚಿಮದ ಗಾಳಿ ಎದ್ದು ಚಾದರದೊಳಗೆ ತುಂಬಿ ನನ್ನನ್ನು ರಸ್ತೆಯ ಅಂಚಿಗೆ ದಬ್ಬತೊಡಗಿತು. ಕಣ್ಣು ಮಂಜಾಯಿತು, ಬೆವರು ನಿಂತೇಹೋಯಿತು. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಸೈಕಲ್ ಸಮೇತ ಗಟಾರದಲ್ಲಿದ್ದೆ. ಚಾದರ ಹರಿದು ತಲೆಯಿಂದ ಕಾಲಿನವರೆಗೆ ನನ್ನನ್ನು ನೀಟಾಗಿ ಮುಚ್ಚಿತು. ಇಡೀ ದಿನದಲ್ಲಿ ಅದು ಪೂರ್ತಿ ನೆರಳು ಕೊಟ್ಟದ್ದು ಆಗ ಮಾತ್ರ!

ಯಾರೋ ಗಾಡಿ ನಿಲ್ಲಿಸಿದರು. “ಮೇಲಾ ಕಾ?” ಎಂದು ಒಬ್ಬ ಮರಾಠಿಯಲ್ಲಿ, ನಾನು ಸತ್ತೆನೇ ಎಂದು ವಿಚಾರಿಸಿದ.

“ಇಲ್ರಿ, ಖಾನಾಪುರಕ್ಕ ಹೊಂಟೀನಿ,” ಎಂದೆ ಚಾದರದೊಳಗಿಂದ. ಅವನು ಹೌಹಾರಿ ಹಿಂದಕ್ಕೆ ಜಿಗಿದ.

ಕಲ್ಲಂಗಡಿ ತುಂಬಿದ ಟೆಂಪೋದಲ್ಲಿ ನನ್ನನ್ನು ಮಲಗಿಸಿದರು. ಪಕ್ಕಕ್ಕೆ ಸೈಕಲ್ ಇಟ್ಟು, ಬಿಸಿಲು ತಾಗದಿರಲೆಂದು ನನಗೆ ಅದೇ ಬಿಳಿ ಚಾದರ ಹೊದಿಸಿದರು. ದಸ್ತಗೀರನ ಓಣಿ ಬಂದಾಗ ನನಗೆ ಎಚ್ಚರವಿತ್ತು. ಮಲಗಿದಲ್ಲಿಂದಲೇ ಕೈಚಾಚಿ ಸೈಕಲ್ ಗಂಟೆ ಬಾರಿಸಿದೆ. ಟ್ರಿಣ್, ಟ್ರಿಣ್.

ಹಾಸಿಗೆ ಬಿಟ್ಟು ಏಳಲಾರದಾಗಿದ್ದ ದಸ್ತಗೀರ ಮಗ ರಫೀಕನ ಭುಜ ಹಿಡಿದು ಬಾಗಿಲಿಗೆ ಬಂದ. ಟೆಂಪೋ ನೋಡಿದ. ಚಾದರ ನೋಡಿದ.

“ಸೈಕಲ್ ಬಂತು ಖರೆ. ಇವನ್ಯಾಕಲೇ ಹೊತಗೊಂಡ ಬಂದೀರಿ?”

ನಗಲು ಹೋಗಿ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತ. ನೋವೋ ನಗುವೋ ಗೊತ್ತಾಗಲಿಲ್ಲ, ಕಣ್ಣಲ್ಲಿ ನೀರಿತ್ತು. ನನ್ನನ್ನು ಅವನ ಹಾಸಿಗೆಯಲ್ಲಿಯೇ ಮಲಗಿಸಿದರು. ರೋಗಿ ಕುರ್ಚಿಯಲ್ಲಿ ಕೂತು, ನೋಡಲು ಬಂದವನ ಹಣೆಗೆ ಒದ್ದೆ ಬಟ್ಟೆ ಹಾಕಿದ. ಆ ಕೈಯಲ್ಲಿ ಬರೀ ಎಲುಬು ಉಳಿದಿತ್ತು.

“ನನ್ನ ಪಾಳಿ ಮುರಿಯಾಕ ಬಂದಿಯೇನಲೇ?” ಎಂದ ಮೆಲ್ಲಗೆ. ನಾನು ಗೋಡೆಯ ಕಡೆ ಮುಖ ತಿರುಗಿಸಿ ಅತ್ತೆ.

ಮಳೆಗಾಲಕ್ಕೆ ಮುಂಚೆಯೇ ದಸ್ತಗೀರ ಹೋದ. ಮಣ್ಣಿಗೆ ನಾನು ಬಸ್ಸಿನಲ್ಲಿಯೇ ಹೋದೆ. ಬಾಗಿಲು ತೆರೆದೇ ಇತ್ತು.

ಕಬರಸ್ತಾನದಲ್ಲಿ ರಣಬಿಸಿಲು. ಎಲ್ಲರ ನಡುವೆ ನಿಂತಿದ್ದ ನನ್ನ ಹತ್ತಿರ ರಫೀಕ ಕುರ್ಚಿ ಹಿಡಿದು ಬಂದ.

“ಮಾಸ್ತರ, ಬೇವಿನ ಗಿಡದ ಕೆಳಗ ಕುಂದರ್ರಿ. ಅಬ್ಬಾ ಹೇಳಿ ಹೋಗ್ಯಾರ್ರಿ.”

“ಏನಂತಪಾ?”

ರಫೀಕ ತಲೆ ತಗ್ಗಿಸಿದ. “‘ಮಾಸ್ತರಗ ಮೊದಲ ನೆರಳ ಮಾಡ್ರಿ, ಇಲ್ಲಂದ್ರ ಅವತ್ತ ಎರಡ ಕುಣಿ ತೋಡಬೇಕಾಕ್ಕೈತಿ’ ಅಂತ್ರಿ.”

ಜೀವಮಾನವೆಲ್ಲ ಭೂಗೋಳ ಕಲಿಸಿದ ನಾನು ಕುರ್ಚಿ ಎತ್ತಿಕೊಂಡು ಮರದ ಕೆಳಗೆ ಹೋದೆ. ಕೂರುವ ಮೊದಲು ರಫೀಕನನ್ನೇ ಕೇಳಿದೆ:

“ತಮ್ಮಾ, ಇನ್ನ ಸ್ವಲ್ಪ ಹೊತ್ತಿಗೆ ನೆರಳ ಯಾವ ಬಾಜು ಬರತೈತಿ?”