ಹೃದಯದಲ್ಲಿ ಹೇಳುವಂಥದ್ದೇನೂ ಇಲ್ಲ

ಹರಪನಹಳ್ಳಿಯ ನಮ್ಮ ಪುಟ್ಟ ಆಸ್ಪತ್ರೆಯಲ್ಲಿ ಡಾಕ್ಟರು ಬರೆದದ್ದೆಲ್ಲ ರೋಗಿಯ ಫೋನಿಗೂ ಹೋಗತೊಡಗಿದ ಮೇಲೆ ಇಂಥ ಎಡವಟ್ಟುಗಳು ವಾರಕ್ಕೊಂದಾದರೂ ನಡೆಯುತ್ತವೆ. ನಾನಿಲ್ಲಿ ಕಿರಿಯ ಡಾಕ್ಟರು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಬೈಸಿಕೊಳ್ಳುವುದು ಮಾತ್ರ ಕನ್ನಡದಲ್ಲಿ. "ನಾವು ಬರಿಯೋದು ನಮ್ಮ ಸಲುವಾಗಿ ನೋಡಮ್ಮ. ಅವ್ರು ಓದಿದ್ರೆ ರೋಗಕ್ಕಿಂತ ಮೊದ್ಲು ಹೆದ್ರಿಕಿನೇ ಮಲಗಿಸ್ತತಿ" ಎಂದು ಹಿರಿಯ ಡಾಕ್ಟರು ಗೊಣಗುತ್ತಲೇ ಇರುತ್ತಾರೆ.

೧. ಬಡ ಇತಿಹಾಸಕಾರ

ಕೊಟ್ಟೂರಿನ ಮೆಕ್ಯಾನಿಕ್ ಸಾಹೇಬರನ್ನು ಹೊಟ್ಟೆನೋವು ಯಾವಾಗಿನಿಂದ ಎಂದು ಕೇಳಿದೆ. ಒಮ್ಮೆ ಮೊನ್ನೆಯಿಂದ ಎಂದರು, ಒಮ್ಮೆ ರಂಜಾನಿಗೂ ಮುಂಚೆ ಎಂದರು. ಕಾಯಿಲೆಯ ಕಥೆ ನೆಟ್ಟಗೆ ಹೇಳಲಾರದವರನ್ನು ನಾವು 'ಪೂರ್ ಹಿಸ್ಟೋರಿಯನ್' ಎಂದು ಬರೆಯುತ್ತೇವೆ. ಅವರ ಫೋನು ಅದನ್ನು 'ಬಡ ಇತಿಹಾಸಕಾರ' ಎಂದು ಕನ್ನಡ ಮಾಡಿತು.

ಮರುದಿನವೇ ಬಂದು ನಿಂತರು. "ಬಡವ ಅಂತ ಯಾಕ ಬರದೀರಿ ಮೇಡಂ? ಸ್ವಂತ ಗ್ಯಾರೇಜ್ ಐತಿ ನಂದು."

ನಾನು ತಲೆ ತಗ್ಗಿಸಿದೆ. ಅವರು ದನಿ ತಗ್ಗಿಸಿದರು.

"ಇತಿಹಾಸದಾಗ ಫೇಲ್ ಆಗಿದ್ದು ಖರೆ. ನಿಮಗ ಯಾರು ಹೇಳಿದ್ರು?"

೨. ಹಳೇ ದೂರು

ಉಚ್ಚಂಗಿದುರ್ಗದ ದಂಪತಿ. ಗಂಡ ನಿವೃತ್ತ ಬಸ್ ಡ್ರೈವರು, ಮಾತು ಕಮ್ಮಿ. ಹೆಂಡತಿ ಅಂಗನವಾಡಿ ಟೀಚರು; ಇಬ್ಬರ ವರದಿಯೂ ಬರುವುದು ಆಕೆಯ ಫೋನಿಗೇ. ಡ್ರೈವರ ಹೃದಯ ಚೆನ್ನಾಗಿದೆ ಎಂಬ ಅರ್ಥದಲ್ಲಿ ನಾನು 'ಅನ್‌ರಿಮಾರ್ಕಬಲ್' ಎಂದು ಬರೆದೆ. ಫೋನು 'ಹೃದಯದಲ್ಲಿ ಹೇಳುವಂಥದ್ದೇನೂ ಇಲ್ಲ' ಎಂದಿತು.

ಟೀಚರು ಅದನ್ನು ಬೆಂಚಿನಲ್ಲಿ ಕೂತವರಿಗೆಲ್ಲ ಓದಿ ಹೇಳಿದರು. "ಮದ್ವಿ ಆದಾಗಿಂದ ನಾನೂ ಅದನ್ನೇ ಹೇಳಾಕತ್ತೀನಿ. ಡಾಕ್ಟ್ರಿಗೆ ಇವತ್ತು ಗೊತ್ತಾತು ನೋಡ್ರಿ!"

ಡ್ರೈವರು ಗೋಡೆ ನೋಡುತ್ತ ಹೇಳಿದ್ದು ಇಷ್ಟೇ: "ಬಸ್ಸಿಗೆ ಹೊತ್ತಾತು, ನಡಿ."

೩. ತಿದ್ದುಪಡಿ

ಕೆಲವು ತಿಂಗಳ ಮೇಲೆ ಟೀಚರ ಗರ್ಭಕೋಶದ ಪರೀಕ್ಷೆಯಾಯಿತು. ಫಲಿತಾಂಶ ಕೇಳಲು ಡ್ರೈವರು ಒಬ್ಬರೇ ಬಂದರು. ಕ್ಯಾನ್ಸರ್.

ಹಿರಿಯ ಡಾಕ್ಟರ ಕೈ ಹಿಡಿದುಕೊಂಡರು. "ಆಕಿಗೆ ಹೇಳಬ್ಯಾಡ್ರಿ ಸಾರ್. ಬರೇ ಹುಣ್ಣು ಅಂತೀನಿ ನಾನು."

"ಆತು ಬಿಡ್ರಿ" ಎಂದ ಡಾಕ್ಟರು ಅವರು ಹೋದಮೇಲೆ ನನ್ನ ಮುಖ ನೋಡಿದರು. ಲ್ಯಾಬಿನವರು ವರದಿ ಹಾಕಿದ ಕೂಡಲೇ ಅದು ಟೀಚರ ಫೋನಿಗೆ ಹೋಗಿತ್ತು. "ನಾನು ಬಾಯಿ ತಗಿಯೋದ್ರೊಳಗ ಫೋನೇ ಬಾಯಿ ತಗದಿರ್ತತಿ" ಎಂದರು ಮೆಲ್ಲಗೆ. ಡ್ರೈವರನ್ನು ಕರೆದು ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಮರುವಾರ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಲು ಗಂಡ ಹೆಂಡತಿ ಇಬ್ಬರೂ ಬಂದರು. ಹುಣ್ಣಿಗೆ ಅಲ್ಲಿ ಎಂಥ ಚಲೋ ಮಷೀನ್ ಐತಿ ಎಂದು ಡ್ರೈವರು ಒಂದೇ ಸಮನೆ ಹೇಳುತ್ತಿದ್ದರು. ಗುಳಿಗೆ ತರಲು ಅವರು ಹೊರಗೆ ಹೋದೊಡನೆ ಟೀಚರು ನನ್ನತ್ತ ವಾಲಿದರು.

"ನಾನು ಓದೀನಿ ಮೇಡಂ. ಅವ್ರಿಗೆ ಹೇಳಬ್ಯಾಡ್ರಿ. ಹುಣ್ಣು ಅಂತ ನಂಬಿಸಾಕ ಭಾಳ ಕಷ್ಟಪಡಾಕತ್ತಾರ. ಅವ್ರು ಇಷ್ಟು ಮಾತಾಡಿದ್ದು ಮದ್ವಿ ಆದಾಗಿಂದ ಇದೇ ಮೊದ್ಲು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಂಪ್ಯೂಟರಿನತ್ತ ಬೆರಳು ಮಾಡಿದರು.

"ಅವತ್ತು ಅವ್ರ ಎದಿಯೊಳಗ ಏನೂ ಇಲ್ಲಂತ ಬರದಿದ್ರಲ್ಲ, ಅದನ್ನ ತಿದ್ರಿ. ನನ್ನ ಕ್ಯಾನ್ಸರ್ ಅಲ್ಲೇ ಬಚ್ಚಿಟ್ಕೊಂಡಾರ."